ಇನ್ನೂರು ವರ್ಷದ ಹಿಂದಿನ ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಕಾಲದ ಕಥೆ ಅಂತ ಈಗ ಬರುವ ಲಘು ಪ್ರೇಮ ಕಾದಂಬರಿಗಳು ಯಾಕೆ ಸಪ್ಪೆ ಅನಿಸುತ್ತವೆ?

ಅವುಗಳಲ್ಲಿ ಗೌನು, ಕುದುರೆಗಾಡಿ, ಡ್ಯಾನ್ಸು ಎಲ್ಲ ಇರುತ್ತದೆ, ದುಡ್ಡಿನ ಭಯ ಮಾತ್ರ ಇರುವುದಿಲ್ಲ. ಅದಕ್ಕೇ.

ಆಸ್ಟಿನ್ ಕಥೆ ನಡೆಯುವುದೇ ಆ ಭಯದ ಮೇಲೆ. 1813ರಲ್ಲಿ ಬಂದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ನೋಡಿ. ಬೆನೆಟ್ ಮನೆಯ ಆಸ್ತಿಯಿಂದ ವರ್ಷಕ್ಕೆ 2,000 ಪೌಂಡ್ ಬರುತ್ತದೆ, ಆದರೆ ಅದು ಗಂಡು ವಾರಸುದಾರನಿಗೇ ಸೇರಬೇಕು ಅಂತ ಮೊದಲೇ ಬರೆದಿಟ್ಟಾಗಿದೆ, ಮನೆಯಲ್ಲಿರುವುದು ಐದು ಹೆಣ್ಣುಮಕ್ಕಳು, ಹಾಗಾಗಿ ಅಪ್ಪ ಕಣ್ಣು ಮುಚ್ಚಿದರೆ ಎಲ್ಲ ಸಂಬಂಧಿಕ ಕಾಲಿನ್ಸ್ ಪಾಲು. ಆ ಐವರಲ್ಲಿ ಒಬ್ಬಳಾದ ನಾಯಕಿ ಎಲಿಜಬೆತ್‌ಗೆ ಉಳಿಯುವುದು 1,000 ಪೌಂಡ್, ಅದೂ ತಾಯಿ ಹೋದ ಮೇಲೆ. ಶೇಕಡಾ 4ರ ಬಡ್ಡಿ ಅಂದರೆ ವರ್ಷಕ್ಕೆ ಬರೀ 40. ಮದುವೆಯಾಗು ಅಂತ ಕೇಳುವಾಗಲೇ ಕಾಲಿನ್ಸ್ ಈ ಲೆಕ್ಕವನ್ನೂ ಅವಳ ಮುಂದೆ ಇಡುತ್ತಾನೆ, ಪುಣ್ಯಾತ್ಮ! ಅಂಥ ಸ್ಥಿತಿಯಲ್ಲೂ ಅವಳು ‘ಬೇಡ’ ಅನ್ನುತ್ತಾಳಲ್ಲ, ಅದಕ್ಕೇ ಆ ಮಾತಿಗೆ ತೂಕ. ಅವಳ ಗೆಳತಿ ಶಾರ್ಲಟ್‌ಗೆ 27 ವರ್ಷ, ಅವಳು ಅದೇ ಕಾಲಿನ್ಸ್‌ನನ್ನು ಒಪ್ಪಿಕೊಳ್ಳುತ್ತಾಳೆ. ಪ್ರೀತಿ ಗೀತಿ ಏನಿಲ್ಲ, ತಲೆ ಮೇಲೊಂದು ಸೂರು ಬೇಕು.

ಈಗಿನ ಎಷ್ಟೋ ಕಥೆಗಳಲ್ಲಿ ನಾಯಕಿ ಯಾರನ್ನು ಬೇಡ ಅಂದರೂ ಅವಳಿಗೇನೂ ನಷ್ಟವಿಲ್ಲ. ಹಾಗಾದಾಗ ಎಷ್ಟು ಚುರುಕಾಗಿ ಜಗಳ ಬರೆದರೂ ಅದು ಸುಮ್ನೆ ಮಾತು, ಅಲ್ವಾ? ಜೊತೆಗೆ ಪುಟಕ್ಕೊಬ್ಬ ಡ್ಯೂಕ್ (ದೊಡ್ಡ ಬಿರುದಿನ ಸರದಾರ) ಬೇರೆ. ಆಸ್ಟಿನ್ ಕಥೆಯ ನಾಯಕ ಡಾರ್ಸಿಗೆ ಒಂದು ಬಿರುದೂ ಇರಲಿಲ್ಲ, ಸ್ವಾಮಿ.