ಜರ್ಮನಿಗೆ ಬರುವ ಮುನ್ನ: ಪಿಸಿ, ಕಾರು, ಕಾನೂನು, ಮಗಳ ಶಾಲೆ

ನಮಸ್ಕಾರ. ನಿಮ್ಮ ಮೆಸೇಜ್ ಓದಿದೆ. ಬೆಂಗಳೂರಿನಿಂದ ವಾಲ್‌ಡೋರ್ಫ್‌ಗೆ ಕೆಲಸಕ್ಕೆ ಬರುತ್ತಿದ್ದೀರಿ. ಜೊತೆಗೆ ನಿಮ್ಮ ಮನೆಯವರು, ಎಂಟು ವರ್ಷದ ಮಗಳು. ನೀವೇ ಜೋಡಿಸಿದ ಗೇಮಿಂಗ್ ಪಿಸಿ ತರಬೇಕಾ, ಇಲ್ಲಿಯ ಹೆದ್ದಾರಿ ಆಟೋಬಾನ್‌ನಲ್ಲಿ ನಿಜವಾಗಿಯೂ ಎಷ್ಟು ಸ್ಪೀಡಲ್ಲಿ ಬೇಕಾದರೂ ಹೋಗಬಹುದಾ, ಕಾನೂನು ತುಂಬಾ ಕಟ್ಟುನಿಟ್ಟಂತೆ ಹೌದಾ, ಮಗಳ ಶಾಲೆ ಕತೆ ಏನು ಎಂದು ಕೇಳಿದ್ದೀರಿ. ಮೊದಲು ಆ 'ಸರ್' ಬಿಟ್ಟುಬಿಡಿ. ಇಲ್ಲಿ ನಿಮ್ಮ ಮ್ಯಾನೇಜರ್‌ಗೂ ಅದನ್ನು ಹೇಳುವ ಪ್ರಸಂಗ ಬರುವುದಿಲ್ಲ.

ನಾಲ್ಕೂ ಪ್ರಶ್ನೆಯ ಬುಡದಲ್ಲಿ ಒಂದೇ ವಿಷಯ ಇದೆ. ಇಲ್ಲಿ ನಿಮ್ಮನ್ನು ಅಡ್ಡಹಾಕಿ ಬೈಯುವವರು ಕಡಿಮೆ. ಅದರ ಬದಲು ಮನೆಗೆ ಕಾಗದ ಬರುತ್ತದೆ. ಸ್ಪೀಡ್ ಜಾಸ್ತಿ ಹೋದರೆ ಕಾಗದ, ಸಿನಿಮಾ ಕದ್ದು ಇಳಿಸಿಕೊಂಡರೆ ಕಾಗದ, ಮಗು ಶಾಲೆ ತಪ್ಪಿಸಿದರೂ ಕಾಗದ. ಹಾಗಾಗಿ ಮನೆ ಸಿಕ್ಕ ದಿನವೇ ಅಂಚೆ ಡಬ್ಬಿಗೆ ಹೆಸರು ಅಂಟಿಸಿ. ಹೆಚ್ಚಿನ ಅಪಾರ್ಟ್‌ಮೆಂಟ್‌ಗಳಲ್ಲಿ ಫ್ಲಾಟ್ ನಂಬರ್ ಅಂತ ಇರುವುದಿಲ್ಲ. ಪೋಸ್ಟ್‌ಮ್ಯಾನ್ ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾನೆ, ಹೆಸರಿಲ್ಲದಿದ್ದರೆ ಕಾಗದ ವಾಪಸ್. ಹಳದಿ ಕವರ್ ಬಂದರೆ ಅವತ್ತೇ ಒಡೆದು ಓದಿ. ಅದರ ಮೇಲೆ ಪೋಸ್ಟ್‌ಮ್ಯಾನ್ ಪೆನ್ನಿನಲ್ಲಿ ತಾರೀಕು ಬರೆದಿರುತ್ತಾನೆ. ದಂಡದ ನೋಟಿಸ್ ಆದರೆ ಆ ತಾರೀಕಿನಿಂದ ಎರಡು ವಾರದೊಳಗೆ ತಕರಾರು ಸಲ್ಲಿಸಬೇಕು. ನೀವು ಕವರ್ ತೆರೆದ ದಿನದಿಂದ ಅಲ್ಲ, ಅವನು ಡಬ್ಬಿಗೆ ಹಾಕಿದ ದಿನದಿಂದ. ಆ ಕವರ್‌ ಅನ್ನೂ ಎಸೆಯಬೇಡಿ.

ಈಗ ಪಿಸಿ. ಕರೆಂಟು ಇಲ್ಲೂ 230 ವೋಲ್ಟ್, 50 ಹರ್ಟ್ಸ್, ಪವರ್ ಸಪ್ಲೈ ಸುಡುತ್ತದೆ ಎಂಬ ಭಯ ಬೇಡ. ನಮ್ಮ ಮೂರು ಪಿನ್ನಿನ ಪ್ಲಗ್ ಇಲ್ಲಿನ ಸಾಕೆಟ್‌ಗೆ ಕೂರುವುದಿಲ್ಲ, ಇಲ್ಲಿಯ ಪವರ್ ಕೇಬಲ್ ಒಂದು ಕೊಂಡರೆ ಮುಗಿಯಿತು. ಕ್ಯಾಬಿನೆಟ್ ಹೊತ್ತು ತರಬೇಡಿ. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಬಿಚ್ಚಿ ಬಟ್ಟೆಯ ನಡುವೆ ಸುತ್ತಿ ತನ್ನಿ, ಉಳಿದದ್ದು ಇಲ್ಲೇ ಸಿಗುತ್ತದೆ. ವಾಸಕ್ಕೆ ಬರುವವರು ಕನಿಷ್ಠ ಆರು ತಿಂಗಳು ಬಳಸಿದ ಸ್ವಂತ ಸಾಮಾನಿಗೆ ಕಸ್ಟಮ್ಸ್ ಸುಂಕ ಕಟ್ಟಬೇಕಿಲ್ಲ. ಅದಕ್ಕೆ ಹಳೆಯ ಬಿಲ್ ಇಟ್ಟುಕೊಂಡಿರಿ. ಹೊಸ ಬಾಕ್ಸ್ ಸಮೇತ ತಂದರೆ ಮಾತ್ರ ಪ್ರಶ್ನೆ ಬರುತ್ತದೆ.

ಆದರೆ ಕರೆಂಟಿನ ಲೆಕ್ಕ ಹಾಕಿಕೊಳ್ಳಿ. ಯೂನಿಟ್‌ಗೆ ಸುಮಾರು 35 ಸೆಂಟ್ ಅಂತ ಹಿಡಿಯಿರಿ. ಆಡುವಾಗ 500 ವ್ಯಾಟ್ ಎಳೆಯುವ ಪಿಸಿ ದಿನಕ್ಕೆ ನಾಲ್ಕು ಗಂಟೆ ಓಡಿದರೆ ಎರಡು ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 21 ಯೂರೋ. ಇಲ್ಲಿ ಗೆಳೆಯರು ಹೊಸ ಕಾರ್ಡ್ ಕೊಳ್ಳುವಾಗ ಸ್ಪೀಡಿಗಿಂತ ಮೊದಲು ಅದು ಎಷ್ಟು ವ್ಯಾಟ್ ತಿನ್ನುತ್ತದೆ ಎಂದು ನೋಡುತ್ತಾರೆ.

ಲ್ಯಾಪ್‌ಟಾಪ್ ಮಾತ್ರ ಅಲ್ಲಿಂದಲೇ ತನ್ನಿ, ಕೀಬೋರ್ಡ್‌ಗೋಸ್ಕರ. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಅದಲುಬದಲು. ಅದಕ್ಕೆ ಕೈ ಒಗ್ಗಿಕೊಳ್ಳುತ್ತದೆ. ಕೋಡ್ ಬರೆಯುವವರಿಗೆ ನಿಜವಾದ ಹಿಂಸೆ ಬ್ರಾಕೆಟ್. ಒಂದು ಹೂಬ್ರಾಕೆಟ್ ತೆರೆಯಲು ಬಲಗಡೆಯ ಆಲ್ಟ್ ಕೀ ಜೊತೆ 7 ಒತ್ತಬೇಕು, ಮುಚ್ಚಲು 0. ಇಡೀ ದಿನ ಬಲಗೈ ಹೆಬ್ಬೆರಳು ಮಡಚಿಕೊಂಡೇ ಇರುತ್ತದೆ. ಈ ದೇಶದಲ್ಲಿ ಇಷ್ಟು ಜನ ಪ್ರೋಗ್ರಾಮರ್‌ಗಳು ಹೇಗೆ ಹುಟ್ಟಿದರೋ ಗೊತ್ತಿಲ್ಲ!

ಕೊಳ್ಳುವ ವಿಷಯದಲ್ಲಿ ಇಲ್ಲಿಯ ಕಾನೂನು ನಿಮ್ಮ ಕಡೆ ಇದೆ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಸಾಮಾನ್ಯವಾಗಿ 14 ದಿನದೊಳಗೆ ಕಾರಣ ಹೇಳದೆ ಹಿಂತಿರುಗಿಸಬಹುದು. ಹೊಸ ವಸ್ತುವಿನ ದೋಷಕ್ಕೆ ಎರಡು ವರ್ಷ ಅಂಗಡಿಯವನೇ ಹೊಣೆ, ಕಂಪನಿಯ ವಾರಂಟಿ ಬೇರೆ. ಮೊದಲ 12 ತಿಂಗಳಲ್ಲಿ ಕೆಟ್ಟರೆ, ಮಾರುವಾಗ ಸರಿಯಾಗಿತ್ತು ಎಂದು ಅವನೇ ಸಾಬೀತು ಮಾಡಬೇಕು. 'ಸರ್ವಿಸ್ ಸೆಂಟರ್‌ಗೆ ಹೋಗಿ' ಎಂದು ಸಾಗಹಾಕಿದರೆ ಒಪ್ಪಬೇಡಿ.

ಇಂಟರ್ನೆಟ್ ನೋಡಿದರೆ ನಿಮಗೆ ನಗು ಬರಬಹುದು. ಬೆಂಗಳೂರಿನಲ್ಲಿ ಮನೆಮನೆಗೆ ಫೈಬರ್ ಇರುವಾಗ ಇಲ್ಲಿ ಎಷ್ಟೋ ಕಡೆ ಇನ್ನೂ ಹಳೆಯ ಟೆಲಿಫೋನ್ ತಾಮ್ರದ ತಂತಿ. ನನ್ನ ಮನೆಯಲ್ಲೂ ಹೇಳಿದ ಸ್ಪೀಡಿನಲ್ಲಿ ಅರ್ಧವೂ ಬರುತ್ತಿರಲಿಲ್ಲ. ಫೋನ್ ಮಾಡಿದರೆ 'ರೌಟರ್ ಆಫ್ ಮಾಡಿ ಆನ್ ಮಾಡಿ' ಎಂಬ ಹಳೇ ಪುರಾಣ. ಆಮೇಲೆ ಗೊತ್ತಾಯಿತು, ಸರ್ಕಾರದ ನೆಟ್‌ವರ್ಕ್ ಪ್ರಾಧಿಕಾರವೇ ಒಂದು ಅಳತೆಯ ಆ್ಯಪ್ ಕೊಡುತ್ತದೆ. ಲ್ಯಾಪ್‌ಟಾಪ್‌ಗೆ ಕೇಬಲ್ ಸಿಕ್ಕಿಸಿ, ಬೇರೆ ಬೇರೆ ದಿನ ಸೇರಿಸಿ ಒಟ್ಟು 30 ಸಲ ಅಳೆಯಬೇಕು. ಕೊನೆಗೆ ಒಂದು ಪಿಡಿಎಫ್ ಬರುತ್ತದೆ. ಅದನ್ನು ಕಂಪನಿಗೆ ಕಳಿಸಿದೆ, ಮರುಮಾತಿಲ್ಲದೆ ತಿಂಗಳ ಬಿಲ್ ಇಳಿಸಿದರು. 2021ರ ಡಿಸೆಂಬರ್‌ನಲ್ಲಿ ಜಾರಿಯಾದ ಟೆಲಿಕಾಂ ಕಾನೂನು ಈ ಹಕ್ಕು ಕೊಟ್ಟಿದೆ. ಹೇಳಿದ ಹೊತ್ತಿಗೆ ರಿಪೇರಿಯವನು ಬರದಿದ್ದರೂ ಪರಿಹಾರ ಉಂಟು. ಕಾಗದ ಅವರೊಬ್ಬರೇ ಕಳಿಸಬೇಕು ಅಂತೇನಿಲ್ಲವಲ್ಲ.

ಎರಡು ಎಚ್ಚರಿಕೆ. ಟೊರೆಂಟ್ ಆ್ಯಪ್‌ನಲ್ಲಿ ಸಿನಿಮಾ ಕದ್ದು ಇಳಿಸಿಕೊಳ್ಳುವ ಅಭ್ಯಾಸವಿದ್ದರೆ ಅದನ್ನು ವಿಮಾನ ಹತ್ತುವ ಮುಂಚೆಯೇ ಅಳಿಸಿ. ಇಳಿಸಿಕೊಳ್ಳುವಾಗಲೇ ನೀವು ಹಂಚುತ್ತಲೂ ಇರುತ್ತೀರಿ, ಅದೇ ಸಿನಿಮಾದವರಿಗೆ ಸಾಕ್ಷಿ. ಅವರ ವಕೀಲರು ನಿಮ್ಮ ಇಂಟರ್ನೆಟ್ ಸಂಪರ್ಕದ ಐಪಿ ನಂಬರ್ ಹಿಡಿದು, ಕೋರ್ಟ್ ಮೂಲಕ ಮನೆ ವಿಳಾಸ ತೆಗೆಸಿ, ನೂರಾರು ಯೂರೋ ಕೇಳಿ ಕಾಗದ ಹಾಕುತ್ತಾರೆ. ಅದಕ್ಕೇ ಮೀಸಲಾದ ವಕೀಲರ ಕಚೇರಿಗಳೇ ಇವೆ.

ಇನ್ನೊಂದು ನಿಮ್ಮಂಥ ಕುತೂಹಲದವರಿಗೆ. 2021ರಲ್ಲಿ ಒಬ್ಬ ಪ್ರೋಗ್ರಾಮರ್ ತನ್ನ ಗ್ರಾಹಕನ ತೊಂದರೆ ಹುಡುಕುತ್ತಿದ್ದ. ಒಂದು ಕಂಪನಿಯ ಸಾಫ್ಟ್‌ವೇರ್ ಫೈಲಿನೊಳಗೆ ಡೇಟಾಬೇಸ್ ಪಾಸ್‌ವರ್ಡ್ ಹಾಗೇ ಬರೆದಿಟ್ಟಿದ್ದು ಅವನಿಗೆ ಕಂಡಿತು. ಅದನ್ನು ಹಾಕಿ ನೋಡಿದರೆ ಸುಮಾರು ಏಳು ಲಕ್ಷ ಜನರ ಮಾಹಿತಿ ಬಟಾಬಯಲು. ಅವನು ಕಂಪನಿಗೆ ತಿಳಿಸಿದ, ವಿಷಯ ಹೊರಗೂ ಬಂತು. ಮನೆಗೆ ಪೊಲೀಸರು ಬಂದು ಅವನ ಕಂಪ್ಯೂಟರುಗಳನ್ನು ಒಯ್ದರು. 2024ರ ಜನವರಿಯಲ್ಲಿ ಯೂಲಿಷ್ ಊರಿನ ಕೋರ್ಟ್ 3000 ಯೂರೋ ದಂಡ ಹಾಕಿತು. ಪಾಸ್‌ವರ್ಡ್ ಎಷ್ಟೇ ಕಳಪೆಯಾಗಿದ್ದರೂ ಅದು ಬೀಗವೇ ಎಂಬುದು ಅದರ ಸಾರ. ನನ್ನ ಪ್ರಕಾರ ಇದು ತಲೆಕೆಳಗಾದ ತೀರ್ಪು. ಬಾಗಿಲು ತೆರೆದಿಟ್ಟವನನ್ನು ಬಿಟ್ಟು ಹೇಳಲು ಬಂದವನನ್ನು ಹಿಡಿದ ಹಾಗೆ. ಆದರೂ ಕಾನೂನು ಈಗ ಹೀಗಿದೆ. ಯಾವುದೋ ವೆಬ್‌ಸೈಟಿನಲ್ಲಿ ತೂತು ಕಂಡಿತು ಅಂತ ಸುಮ್ನೆ ಬೆರಳು ಹಾಕಿ ನೋಡಬೇಡಿ. ವೀಸಾದಲ್ಲಿರುವವರಂತೂ ಬೇಡವೇ ಬೇಡ.

ಕಾರಿಗೆ ಬರೋಣ. ಇದರಲ್ಲಿ ನನಗೆ ಮಾತು ಜಾಸ್ತಿ. ನಮ್ಮ ಪಕ್ಕದ ವೀಸ್‌ಲೋಖ್‌ನಲ್ಲಿ ಒಂದು ಔಷಧಿ ಅಂಗಡಿ ಇದೆ. 1888ರಲ್ಲಿ ಕಾರು ಕಂಡುಹಿಡಿದ ಕಾರ್ಲ್ ಬೆನ್ಜ್‌ನ ಹೆಂಡತಿ ಬೆರ್ಥಾ ಬೆನ್ಜ್ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಅವನು ಮಾಡಿದ್ದ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರ್ ದಾಟಿ ಹೋದಳು. ಇಂಧನ ಮುಗಿದಾಗ ಕೊಂಡದ್ದು ಈ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ, ಪೆಟ್ರೋಲಿನಂಥ ಲಿಗ್ರೋಯಿನ್ ಎಂಬ ದ್ರವ. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ನಮ್ಮದು ಅಂತ ಊರಿನವರಿಗೆ ಜಂಬ. ಬಂದ ಮೇಲೆ ಒಂದು ಭಾನುವಾರ ಹೋಗಿ ನೋಡಿ.

ಆದರೆ ಬಂದ ತಕ್ಷಣ ಕಾರು ಕೊಳ್ಳಬೇಡಿ. ನಮ್ಮ ಲೈಸೆನ್ಸ್ ಇಲ್ಲಿ ವಾಸ ಶುರುವಾದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೆಯಬೇಕು. ಥಿಯರಿಯಲ್ಲಿ 30 ಪ್ರಶ್ನೆ, ಇಂಗ್ಲಿಷ್‌ನಲ್ಲೂ ಬರೆಯಬಹುದು. ಮೊದಲ ಸಲ ಲೈಸೆನ್ಸ್ ತೆಗೆಯುವವರಿಗಿರುವ ಕಡ್ಡಾಯ ತರಗತಿಗಳು ನಮಗಿಲ್ಲ. ಆದರೂ ಪರೀಕ್ಷೆಗೆ ಡ್ರೈವಿಂಗ್ ಸ್ಕೂಲ್ ಕಾರಿನಲ್ಲೇ, ಅವರ ಮೇಷ್ಟ್ರ ಜೊತೆಯೇ ಹೋಗಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಹತ್ತು ವರ್ಷ ಓಡಿಸಿದ್ದೇನೆ ಎಂಬ ಧೈರ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಉಲ್ಟಾ ಹೊಡೆಯುತ್ತದೆ. ನಮ್ಮವರು ಸಾಲಾಗಿ ಫೇಲ್ ಆಗುವುದು ಎರಡು ಕಡೆ. ಒಂದು, ತಿರುಗುವ ಮುಂಚೆ ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡಬೇಕು, ಸೈಕಲ್ ಬರುತ್ತಿದೆಯಾ ಅಂತ. ಹಿಂದಿನ ಸೀಟಿನಲ್ಲಿ ಕೂತ ಪರೀಕ್ಷಕ ಗಮನಿಸುವುದು ನಿಮ್ಮ ಕತ್ತನ್ನೇ. ಎರಡು, ಬೋರ್ಡು, ಸಿಗ್ನಲ್ ಏನೂ ಇಲ್ಲದ ಬೀದಿಗಳಲ್ಲಿ ಬಲಗಡೆಯಿಂದ ಬಂದವನಿಗೆ ಮೊದಲು ದಾರಿ. ಅವನು ಎಷ್ಟು ಸಣ್ಣ ಗಲ್ಲಿಯಿಂದ ಬಂದರೂ ನೀವೇ ನಿಲ್ಲಬೇಕು. ನಾವು ಅಲ್ಲಿ ದೊಡ್ಡ ರಸ್ತೆ, ದೊಡ್ಡ ಗಾಡಿ ನೋಡಿ ಬಿಟ್ಟುಕೊಟ್ಟು ಬೆಳೆದವರು, ಅಲ್ವಾ?

ಆಟೋಬಾನ್ ಬಗ್ಗೆ ಕೇಳಿದಿರಿ. ಎ5, ಎ6 ಹೆದ್ದಾರಿಗಳೆರಡೂ ವಾಲ್‌ಡೋರ್ಫ್‌ನಲ್ಲೇ ಒಂದನ್ನೊಂದು ದಾಟುತ್ತವೆ, ಆಸೆ ತೀರಿಸಿಕೊಳ್ಳಲು ದೂರ ಹೋಗಬೇಕಿಲ್ಲ. ಬೋರ್ಡ್ ಇಲ್ಲದ ಕಡೆ ಮಿತಿಯಿಲ್ಲ, ನಿಜ. ಆದರೆ 130 ಅನ್ನುವುದು ಸಲಹೆಯ ವೇಗ. ಅದಕ್ಕಿಂತ ಜೋರಾಗಿ ಹೋಗುವಾಗ ಅಪಘಾತವಾದರೆ, ತಪ್ಪು ಇನ್ನೊಬ್ಬನದ್ದಾದರೂ ನಷ್ಟದಲ್ಲಿ ನಿಮಗೂ ಪಾಲು ಬರಬಹುದು. ಕೆಲವು ದಿನ ಮಜಾ ಅನಿಸುತ್ತದೆ. ಆಮೇಲೆ ನೀವೂ ಬಲಗಡೆಯ ಲೇನ್‌ನಲ್ಲಿ 120ಕ್ಕೆ ಕ್ರೂಸ್ ಹಾಕಿ ಹಾಡು ಕೇಳುತ್ತೀರಿ. ನನಗೆ ಇಲ್ಲಿಯ ರಸ್ತೆಯಲ್ಲಿ ನಿಜಕ್ಕೂ ಮೆಚ್ಚುಗೆ ಇರುವುದು ಸ್ಪೀಡಿನ ಮೇಲಲ್ಲ, ಜಾಮ್ ಮೇಲೆ. ಗಾಡಿಗಳು ನಿಲ್ಲಲು ಶುರುವಾದ ಕೂಡಲೇ ಎಡ ಲೇನ್‌ನವರು ಎಡಕ್ಕೆ ಸರಿಯುತ್ತಾರೆ, ಉಳಿದವರೆಲ್ಲ ಬಲಕ್ಕೆ. ನಡುವೆ ಆಂಬುಲೆನ್ಸ್‌ಗೆ ದಾರಿ. ಸೈರನ್ ಕೇಳುವ ಮುಂಚೆಯೇ! ಸರಿಯದಿದ್ದವರಿಗೆ 200 ಯೂರೋ, ಎರಡು ಪಾಯಿಂಟ್, ಒಂದು ತಿಂಗಳು ಕಾರು ಮುಟ್ಟುವಂತಿಲ್ಲ. ಈ ಪಾಯಿಂಟ್‌ಗಳು ಫ್ಲೆನ್ಸ್‌ಬುರ್ಗ್ ಎಂಬ ಊರಿನ ಕಚೇರಿಯಲ್ಲಿ ಜಮೆಯಾಗುತ್ತವೆ, ಎಂಟಾದರೆ ಲೈಸೆನ್ಸ್ ಹೋಯಿತು. ಕೈಯಲ್ಲಿ ಮೊಬೈಲ್ ಹಿಡಿದರೆ 100 ಯೂರೋ, ಒಂದು ಪಾಯಿಂಟ್. ಕಾರನ್ನು ಬೇಕಾದಂತೆ ಮಾರ್ಪಡಿಸುವ ನಿಮ್ಮ ಪ್ರೀತಿಯ ಹವ್ಯಾಸಕ್ಕೂ ಇಲ್ಲಿ ಅಡ್ಡಿ ಇದೆ: ಮನಸ್ಸಿಗೆ ಬಂದ ಸೈಲೆನ್ಸರ್, ಎಲ್‌ಇಡಿ ಬಲ್ಬು ಹಾಕುವ ಹಾಗಿಲ್ಲ. ಪ್ರಮಾಣಪತ್ರ ಇಲ್ಲದ ಬದಲಾವಣೆ ಮಾಡಿದರೆ ಕಾರಿನ ರಸ್ತೆ ಪರವಾನಗಿಯೇ ರದ್ದಾಗಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹಿಂದಿನ ನಂಬರ್ ಪ್ಲೇಟಿನ ಗುಂಡು ಸ್ಟಿಕ್ಕರ್ ನೋಡಿ. ನಡುವೆ ವರ್ಷ, ಮೇಲೆ ಬಂದಿರುವ ಸಂಖ್ಯೆ ತಿಂಗಳು. ಅಷ್ಟರೊಳಗೆ ಮುಂದಿನ ತಪಾಸಣೆ ಆಗಬೇಕು. ಅದು ಹತ್ತಿರದಲ್ಲಿದ್ದರೆ ಬೆಲೆ ಕಡಿಮೆ ಏಕೆ ಎಂದು ನಿಮಗೇ ಹೊಳೆಯುತ್ತದೆ. ಅಲ್ಲಿಯವರೆಗೆ ರೈಲು, ಬಸ್ಸು ಸಾಕು. ಇಡೀ ದೇಶದ ಲೋಕಲ್ ರೈಲು, ಬಸ್ಸುಗಳಿಗೆ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ ಪಾಸ್ ಇದೆ.

ಮಗಳ ಶಾಲೆ. ಫೀಸ್ ಇಲ್ಲ, ಡೊನೇಷನ್ ಇಲ್ಲ, ಯೂನಿಫಾರ್ಮ್ ಇಲ್ಲ. ಮನೆ ಯಾವ ಬೀದಿಯಲ್ಲೋ ಅದರ ಮೇಲೆ ಸರ್ಕಾರಿ ಪ್ರಾಥಮಿಕ ಶಾಲೆ ನಿರ್ಧಾರವಾಗುತ್ತದೆ. ಭಾಷೆ ಬಾರದ ಮಕ್ಕಳಿಗೆ ಜರ್ಮನ್ ಕಲಿಸುವ ತಯಾರಿ ತರಗತಿಗಳಿವೆ. ಎಂಟು ವರ್ಷದವಳು ಬೇಗ ಕಲಿಯುತ್ತಾಳೆ. ನಿಮ್ಮಿಬ್ಬರಿಗಿಂತ ಬೇಗ. ಮೊದಲ ಸಲ ಅಂಕ ಬಂದಾಗ ಗಾಬರಿ ಬೇಡ, ಇಲ್ಲಿ 1 ಅತ್ಯುತ್ತಮ, 6 ಅತಿ ಕಳಪೆ.

ಕಷ್ಟದ ಜಾಗ ನಾಲ್ಕನೇ ಕ್ಲಾಸ್. ಅದು ಮುಗಿಯುತ್ತಿದ್ದಂತೆ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ವಿಶ್ವವಿದ್ಯಾಲಯಕ್ಕೆ ನೇರ ದಾರಿ ಗಿಮ್ನಾಸಿಯುಮ್. ನಮ್ಮ ರಾಜ್ಯ ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಈಗ ಟೀಚರ್ ಅಭಿಪ್ರಾಯ, ಒಂದು ಪರೀಕ್ಷೆ, ತಂದೆತಾಯಿಯ ಇಷ್ಟ ಈ ಮೂರರಲ್ಲಿ ಎರಡು ಹೊಂದಬೇಕು. ಇಲ್ಲವಾದರೆ ಇನ್ನೊಂದು ಪರೀಕ್ಷೆ. ಹತ್ತು ವರ್ಷದ ಮಗುವಿನ ದಾರಿ ಹೀಗೆ ಕವಲೊಡೆಸುವುದು ನನಗೆ ಇವತ್ತಿಗೂ ಒಗ್ಗಿಲ್ಲ. ಮುಂದೆ ಬದಲಾಯಿಸಿಕೊಳ್ಳಲು ದಾರಿಗಳಿವೆ, ಬದಲಾಯಿಸಿಕೊಂಡವರನ್ನೂ ಕಂಡಿದ್ದೇನೆ. ಆದರೂ ಹೊಸ ಭಾಷೆಯ ಮಗುವಿಗೆ ಎರಡು ವರ್ಷ ಸಿಗುವುದೂ ಸಿಗದಿರುವುದೂ ಒಂದೇ ಅಲ್ಲ. ಬರುವುದನ್ನು ಮುಂದೂಡಬೇಡಿ. ಬೇಸಿಗೆ ಮುಗಿದು ಇಲ್ಲಿ ಹೊಸ ಶಾಲಾ ವರ್ಷ ಶುರುವಾಗುವ ಸೆಪ್ಟೆಂಬರ್ ಹೊತ್ತಿಗೆ ಬಂದುಬಿಡಿ.

ಕಂಪ್ಯೂಟರ್ ಪ್ರಿಯರಿಗೆ ಇಲ್ಲಿಯ ಶಾಲೆ ಸ್ವಲ್ಪ ನಿರಾಸೆ. ಕ್ಲಾಸಿನ ಫೋಟೋಗೂ ನಿಮ್ಮ ಸಹಿ ಕೇಳುತ್ತಾರೆ. 2022ರಲ್ಲಿ ಈ ರಾಜ್ಯದ ಡೇಟಾ ರಕ್ಷಣಾ ಅಧಿಕಾರಿ ಮೈಕ್ರೋಸಾಫ್ಟ್ 365 ಬಳಸುತ್ತಿದ್ದ ಶಾಲೆಗಳಿಗೆ ಬೇರೆ ದಾರಿ ನೋಡಿಕೊಳ್ಳಿ ಎಂದು ಹೇಳಿದರು. ಮಕ್ಕಳ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಓಪನ್ ಸೋರ್ಸ್ ಕಲಿಕಾ ತಂತ್ರಾಂಶ ಮೂಡಲ್‌ನಲ್ಲಿ ಹೋಮ್‌ವರ್ಕ್ ನೋಡಿ ನೀವು ಖುಷಿಪಡಬಹುದು, ಮಗಳು ಪಡುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಪೊಲೀಸರೇ ಮಕ್ಕಳಿಗೆ ಸೈಕಲ್ ಪರೀಕ್ಷೆ ಮಾಡುತ್ತಾರೆ. ಬಲಗಡೆಯವನಿಗೆ ಮೊದಲು ದಾರಿ ಎಂಬ ನಿಯಮ ಆಗ ಅವಳಿಗೆ ಬಾಯಿಪಾಠ. ನೀವು ಓಡಿಸುವಾಗ ಹಿಂದಿನ ಸೀಟಿನಿಂದ ತಿದ್ದುತ್ತಾಳೆ, ತಯಾರಾಗಿರಿ.

ಮನೆಯಲ್ಲೇ ಓದಿಸುತ್ತೇನೆ ಎನ್ನುವುದು ಇಲ್ಲಿ ಕಾನೂನುಬಾಹಿರ. ಟಿಕೆಟ್ ಅಗ್ಗ ಅಂತ ರಜೆಗೆ ನಾಲ್ಕು ದಿನ ಮುಂಚೆ ಊರಿಗೆ ಹೊರಡುವುದೂ ನಡೆಯುವುದಿಲ್ಲ. 2018ರಲ್ಲಿ ಬವೇರಿಯಾದ ಮೆಮ್ಮಿಂಗನ್ ವಿಮಾನ ನಿಲ್ದಾಣದಲ್ಲಿ ಶಾಲೆ ತಪ್ಪಿಸಿದ ಮಕ್ಕಳ ಕುಟುಂಬಗಳನ್ನು ಪೊಲೀಸರೇ ಹಿಡಿದು ವರದಿ ಮಾಡಿದ್ದರು. ಅಣ್ಣನ ಮದುವೆಯಂಥ ಕಾರಣವಿದ್ದರೆ ಮೊದಲೇ ಬರೆದು ಕೇಳಿ, ಹೆಚ್ಚಾಗಿ ಒಪ್ಪುತ್ತಾರೆ.

ಉಳಿದದ್ದು ಚಿಕ್ಕದು. ಮನೆಗೆ ಬಂದ ಎರಡು ವಾರದೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಿ. ಅದರ ಹಿಂದೆಯೇ ರೇಡಿಯೋ, ಟಿವಿ ಶುಲ್ಕದ ಕಾಗದ ಬರುತ್ತದೆ. ಮನೆಗೆ ತಿಂಗಳಿಗೆ 18.36 ಯೂರೋ, ಟಿವಿ ಇಲ್ಲದಿದ್ದರೂ ಕಟ್ಟಬೇಕು, ವಾದ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಬೇರೆಯವರಿಗೆ ನಿಮ್ಮಿಂದ ನಷ್ಟವಾದರೆ ಭರಿಸುವ ಖಾಸಗಿ ಹೊಣೆ ವಿಮೆ ಮೊದಲ ವಾರವೇ ಮಾಡಿಸಿ. ವರ್ಷಕ್ಕೆ ಕೆಲವೇ ಹತ್ತು ಯೂರೋ. ಮಗಳ ಸೈಕಲ್ ಯಾರದೋ ಕಾರಿಗೆ ಉಜ್ಜಿದ ದಿನ ಅದರ ಬೆಲೆ ಗೊತ್ತಾಗುತ್ತದೆ. ಮತ್ತೆ, ದಡಾರದ ಎರಡೂ ಲಸಿಕೆ ಹಾಕಿಸಿದ ದಾಖಲೆ ತೋರಿಸದೆ ಶಾಲೆಯ ಕೆಲಸ ಸುಗಮವಾಗುವುದಿಲ್ಲ, 2020ರಿಂದ ಅದು ಕಡ್ಡಾಯ. ಮಗಳ ಲಸಿಕೆ ಕಾರ್ಡು ಊರಲ್ಲಿ ಅಜ್ಜಿಯ ಬೀರುವಿನಲ್ಲಿದ್ದರೆ ಈಗಲೇ ತರಿಸಿಕೊಳ್ಳಿ. ಡಾಕ್ಟರ ಸೀಲು ಸರಿಯಾಗಿ ಓದಲು ಬರುತ್ತದಾ ಎಂದೂ ನೋಡಿಬಿಡಿ.