ದಸರೆಯಿಂದ ಎಳ್ಳಮಾವಾಸ್ಯೆಯವರೆಗೆ: ರಜೆಯ ದಿನಗಳು, ಪುಟ್ಟ ಮಕ್ಕಳು, ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ದಸರೆ ಮತ್ತು ಚಳಿಗಾಲದ ರಜೆಗೆ ಸಂಬಂಧಿಸಿದವು. ಆರು ಪತ್ರಗಳನ್ನು ಸಂಕ್ಷೇಪಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವಿಬ್ಬರೂ ಉದ್ಯೋಗದಲ್ಲಿದ್ದೇವೆ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ದಸರೆ ರಜೆಯ ಎರಡೂವರೆ ವಾರವೂ ಮಕ್ಕಳನ್ನು ಸಾಗರದ ಬಳಿಯ ಹಳ್ಳಿಯಲ್ಲಿರುವ ಅತ್ತೆ ಮಾವನ ಮನೆಯಲ್ಲಿ ಬಿಟ್ಟುಬರುವುದು ನಮ್ಮ ರೂಢಿ. ಈಗ ಅತ್ತೆಯವರಿಗೆ ಮಂಡಿನೋವು ಹೆಚ್ಚಾಗಿದೆ. ಅವರು ಬೇಡ ಎನ್ನುವವರಲ್ಲ. ಆದರೆ ಕಳೆದ ವರ್ಷ ಮಕ್ಕಳು ದಿನದ ಬಹುಪಾಲು ಮೊಬೈಲ್ ಹಿಡಿದೇ ಕುಳಿತಿದ್ದರೆಂದು ಆಮೇಲೆ ತಿಳಿಯಿತು. ಕಳಿಸುವುದು ಸರಿಯೇ? (ಬೆಂಗಳೂರಿನ ಓದುಗರು)

ಉತ್ತರ: ಕಳಿಸಿ, ಆದರೆ ಬಿಟ್ಟುಬರಬೇಡಿ. ಎರಡೂವರೆ ವಾರ ಇಬ್ಬರು ಚಿಕ್ಕ ಮಕ್ಕಳ ಹಿಂದೆ ಓಡಾಡುವುದು ಮಂಡಿ ಗಟ್ಟಿಯಿರುವವರಿಗೂ ಸುಲಭವಲ್ಲ. ಮಕ್ಕಳ ಕೈಗೆ ಮೊಬೈಲ್ ಬಂದದ್ದು ಅತ್ತೆಯವರ ಅಸಡ್ಡೆಯಿಂದಲ್ಲ, ಅವರ ದಣಿವಿನಿಂದ ಎಂದು ನೀವು ಮೊದಲು ಒಪ್ಪಿಕೊಂಡರೆ ಮುಂದಿನ ಮಾತು ಹಗುರವಾಗುತ್ತದೆ. ನಿಮ್ಮಿಬ್ಬರಲ್ಲಿ ಒಬ್ಬರು ನಾಲ್ಕೈದು ದಿನ ರಜೆ ಹಾಕಿ ಮಕ್ಕಳ ಜೊತೆ ಊರಿನಲ್ಲಿ ಉಳಿಯಿರಿ. ಅದು ಅವರ ಮಗನೇ, ಅಂದರೆ ನಿಮ್ಮ ಪತಿಯೇ ಆದರೆ ಇನ್ನೂ ಒಳ್ಳೆಯದು. ತಾಯಿಯ ಮನೆಯಲ್ಲಿ ಮಗ ಅತಿಥಿಯಂತೆ ಕುಳಿತು, ಅಡುಗೆ, ಸ್ನಾನ, ಊಟ ಎಲ್ಲವನ್ನೂ ಆಕೆಯೇ ನೋಡಿಕೊಳ್ಳುವಂತಾದರೆ ಅವರಿಗೆ ಮೂರನೆಯ ಮಗು ಬಂದಂತಾಗುತ್ತದೆಯೇ ಹೊರತು ನೆರವು ಸಿಕ್ಕಂತಾಗುವುದಿಲ್ಲ. ಒಟ್ಟು ದಿನಗಳನ್ನೂ ಹತ್ತಕ್ಕೆ ಇಳಿಸಿ. ಉಳಿದ ವಾರವನ್ನು ನೀವಿಬ್ಬರೂ ಸರದಿಯ ಮೇಲೆ ಬೆಂಗಳೂರಿನಲ್ಲಿ ನಿಭಾಯಿಸಬಹುದು, ಇಲ್ಲವೇ ಇಂಥದೇ ಸ್ಥಿತಿಯಲ್ಲಿರುವ ನೆರೆಮನೆಯವರೊಂದಿಗೆ ಒಂದೊಂದು ದಿನ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹಂಚಿಕೊಳ್ಳಬಹುದು.

ಮೊಬೈಲಿನ ವಿಷಯಕ್ಕೆ ಬರೋಣ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ನಾಲ್ಕರ ವಯಸ್ಸಿನವರಿಗೆ ದಿನಕ್ಕೆ 180 ನಿಮಿಷಗಳ ಓಡಾಟ ಮತ್ತು 10ರಿಂದ 13 ಗಂಟೆಗಳ ನಿದ್ದೆ ಬೇಕೆಂಬುದೂ ಅದೇ ಸಲಹೆಯ ಭಾಗ. ಆದರೆ ಮೊಬೈಲ್ ಕಸಿದುಕೊಂಡ ಮಾತ್ರಕ್ಕೆ ಮಕ್ಕಳು ಅಂಗಳಕ್ಕೆ ಇಳಿಯುವುದಿಲ್ಲ. ಅಂಗಳದಲ್ಲಿ ಅವರಿಗೊಂದು ಕೆಲಸ ಇರಬೇಕು. ನಾಲ್ಕು ವರ್ಷದ ಮಗುವಿಗೆ ಆಟಕ್ಕೂ ಕೆಲಸಕ್ಕೂ ವ್ಯತ್ಯಾಸ ತಿಳಿಯದು, ಹಿರಿಯರ ಪಕ್ಕದಲ್ಲಿ ಕುಳಿತು ಅವರಂತೆಯೇ ಮಾಡುವುದು ಅದಕ್ಕೆ ಎಲ್ಲಕ್ಕಿಂತ ದೊಡ್ಡ ಸಂಭ್ರಮ. ಈ ಹೊತ್ತಿನಲ್ಲಿ ಮಲೆನಾಡಿನ ಮನೆಗಳಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ. ವಿಜಯದಶಮಿಯಾದ ಐದು ದಿನಕ್ಕೆ ಭೂಮಿ ಹುಣ್ಣಿಮೆ ಬರುತ್ತದೆ. ಗರ್ಭಿಣಿಯ ಬಯಕೆ ತೀರಿಸುವಂತೆ ತೆನೆಗಟ್ಟುವ ಗದ್ದೆಗೆ ಬಗೆಬಗೆಯ ಅಡುಗೆ ಬಡಿಸುವ ಹಬ್ಬವದು. ಅಲ್ಲಿನ ದೀವರ ಸಮುದಾಯದ ಮನೆಗಳಲ್ಲಿ ಅದಕ್ಕಾಗಿ, ಗದ್ದೆಗೆ ಅಡುಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ ಮತ್ತು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ನಿಮ್ಮ ಊರಿನಲ್ಲಿ ಯಾರಾದರೂ ಹೀಗೆ ಬರೆಯುವವರಿದ್ದರೆ ಮಗಳನ್ನು ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕೂರಿಸಿ. ಮಗ ಅಜ್ಜಿಗೆ ಸೊಪ್ಪು ಬಿಡಿಸಿಕೊಡಲಿ. ಅರ್ಧ ಸೊಪ್ಪು ನೆಲಕ್ಕೆ ಬಿದ್ದರೂ ಪರವಾಗಿಲ್ಲ. ಅಜ್ಜಿ ಕುರ್ಚಿಯಲ್ಲಿ ಕುಳಿತೇ ಮಾಡಿಸಬಹುದಾದ ಕೆಲಸವಿದು, ಮಂಡಿಗೂ ಹಿತ. ಹುಣ್ಣಿಮೆಯ ಬೆಳಗಿನ ಜಾವ ಅಜ್ಜನೊಂದಿಗೆ ಗದ್ದೆಗೆ ಹೋಗುವ ಅವಕಾಶವಿದ್ದರೆ ಮಕ್ಕಳನ್ನು ಎಬ್ಬಿಸಿ ಕಳಿಸಿ, ಒಂದು ದಿನದ ನಿದ್ದೆ ಕೆಟ್ಟರೆ ನಷ್ಟವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ. ಬಾವಿ, ಕೆರೆ, ತೋಟದ ಕೃಷಿಹೊಂಡ ಇವುಗಳ ಬಳಿಗೆ ದೊಡ್ಡವರಿಲ್ಲದೆ ಹೋಗಕೂಡದೆಂದು ಮೊದಲ ದಿನವೇ ಮಕ್ಕಳ ಕೈಹಿಡಿದು ಆಯಾ ಜಾಗಕ್ಕೆ ಕರೆದೊಯ್ದು ತೋರಿಸಿ ಹೇಳಿ. ಬಾವಿಗೆ ಕಟ್ಟೆಯೋ ಜಾಲರಿಯೋ ಇಲ್ಲದಿದ್ದರೆ ಹೋಗುವ ಮೊದಲೇ ಹಾಕಿಸಿ.

ಪ್ರಶ್ನೆ: ಒಂದನೇ ತರಗತಿಯ ನನ್ನ ಮಗನಿಗೆ ದಸರೆ ರಜೆಗೆಂದು ಶಾಲೆಯಲ್ಲಿ ನಲವತ್ತು ಪುಟಗಳ ಮನೆಗೆಲಸ ಕೊಟ್ಟಿದ್ದಾರೆ. ಪುಸ್ತಕ ತೆರೆದರೆ ಅಳುತ್ತಾನೆ. ಬೈದು ಬರೆಸುವುದೇ, ಬಿಟ್ಟುಬಿಡುವುದೇ? (ದಾವಣಗೆರೆಯ ಓದುಗರು)

ಉತ್ತರ: ಎರಡನೇ ತರಗತಿಯವರೆಗೆ ಮನೆಗೆಲಸವನ್ನೇ ಕೊಡಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಚೀಲ ನೀತಿ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಶಾಲೆಗೆ ವಿನಯದಿಂದಲೇ ಒಂದು ಪತ್ರ ಬರೆದು, ಮಗ ಎಷ್ಟು ಮಾಡಬಲ್ಲನೋ ಅಷ್ಟನ್ನು ಮಾತ್ರ ಮಾಡಿಸುತ್ತೇವೆಂದು ತಿಳಿಸಲು ನಿಮಗೆ ಯಾವ ಅಳುಕೂ ಬೇಕಾಗಿಲ್ಲ. ಆರು ವರ್ಷದ ಬೆರಳುಗಳು ನಲವತ್ತು ಪುಟ ಬರೆಯುವಷ್ಟು ಬಲಿತಿರುವುದಿಲ್ಲ. ಬೈದು ಬರೆಸಿದರೆ ಅಕ್ಷರ ದುಂಡಗಾಗುವುದಿಲ್ಲ, ಅಕ್ಷರದ ಮೇಲಿನ ಪ್ರೀತಿ ಮಾತ್ರ ಹೋಗುತ್ತದೆ.

ನಮ್ಮ ಹಿರಿಯರಿಗೆ ಇದರ ಅರಿವಿತ್ತೆಂದೇ ನನಗೆ ಅನ್ನಿಸುತ್ತದೆ. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಸರಸ್ವತಿಯ ಮುಂದೆ ಪೂಜೆಗಿಟ್ಟರೆ, ಅವನ್ನು ತೆಗೆಯುವವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಆ ಕೆಲವು ದಿನ ಹಗುರಾಗಿ ಓಡಾಡಿದ ನೆನಪು ನನಗೆ ಇಂದಿಗೂ ಇದೆ. ಮಗನ ಪುಸ್ತಕಗಳನ್ನೂ ಅವನ ಕೈಯಿಂದಲೇ ಅರಿಶಿನ ಕುಂಕುಮ ಹಚ್ಚಿಸಿ ಪೂಜೆಗೆ ಇಡಿಸಿ, ವಿಜಯದಶಮಿಯ ದಿನ ತೆಗೆದು ಅವನಿಗೆ ಇಷ್ಟವಾದ ಒಂದೇ ಒಂದು ಪುಟ ಓದಿಸಿ. ಆಮೇಲೆ ದಿನಕ್ಕೆ ಹದಿನೈದು ನಿಮಿಷ, ತಿಂಡಿಯಾದ ಕೂಡಲೇ, ನೀವೂ ಪಕ್ಕದಲ್ಲಿ ಕುಳಿತು ನಿಮ್ಮದೇ ಏನನ್ನಾದರೂ ಬರೆಯುತ್ತಿದ್ದರೆ ಸಾಕು.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಗೊಂಬೆ ಕೂರಿಸುತ್ತೇವೆ. ಎರಡೂವರೆ ವರ್ಷದ ಮೊಮ್ಮಗ ಕಳೆದ ವರ್ಷ ಎರಡು ಗೊಂಬೆ ಒಡೆದ. ಈ ವರ್ಷ ಕೂರಿಸುವುದೇ ಬೇಡವೆನ್ನಿಸಿದೆ. (ಮೈಸೂರಿನ ಓದುಗರು)

ಉತ್ತರ: ಖಂಡಿತ ಕೂರಿಸಿ. ಪಟ್ಟದ ಗೊಂಬೆಗಳಿಗೂ ಹಳೆಯ ಮಣ್ಣಿನ ಗೊಂಬೆಗಳಿಗೂ ಮೇಲಿನ ಮೆಟ್ಟಿಲುಗಳಿರಲಿ. ಕೆಳಗಿನ ಒಂದು ಮೆಟ್ಟಿಲನ್ನು ಪೂರ್ತಿಯಾಗಿ ಮೊಮ್ಮಗನಿಗೆ ಬಿಟ್ಟುಕೊಡಿ. ಅಲ್ಲಿ ಚನ್ನಪಟ್ಟಣದ ಮರದ ಗೊಂಬೆಗಳನ್ನು ಇಡಿ. ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಆ ಗೊಂಬೆಗಳು ಬಿದ್ದರೂ ಒಡೆಯುವುದಿಲ್ಲ. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಇಳಿಯುವಷ್ಟು ಚಿಕ್ಕ ತುಂಡುಗಳಿರುವುದನ್ನು ಮಾತ್ರ ಆರಿಸಬೇಡಿ. ಅವನ ಮೆಟ್ಟಿಲಿನಲ್ಲಿ ಆನೆಯ ಮೇಲೆ ಬಸ್ಸು ನಿಂತರೂ ಸರಿಪಡಿಸಲು ಹೋಗಬೇಡಿ. ಮೆಟ್ಟಿಲುಗಳ ಮೇಲಿನ ಬಟ್ಟೆಯ ಅಂಚು ಅವನ ಕೈಗೆ ಸಿಗದಂತೆ ಒಳಕ್ಕೆ ಮಡಚಿ ಬಿಗಿಯಾಗಿ ಕಟ್ಟುವುದನ್ನು ಮರೆಯಬೇಡಿ, ಏಕೆಂದರೆ ಮಗು ಗೊಂಬೆಗಿಂತ ಮೊದಲು ಎಳೆಯುವುದು ಆ ಬಟ್ಟೆಯನ್ನೇ. ದೀಪ ಎತ್ತರದಲ್ಲಿರಲಿ. ಸಂಜೆ ಬರುವ ಮಕ್ಕಳಿಗೆ ಗೊಂಬೆ ಬಾಗಿನದ ಚಕ್ಕುಲಿ, ಕೊಬ್ಬರಿ ಮಿಠಾಯಿ ಕೊಡುವ ಕೆಲಸ ಅವನದೇ ಆಗಲಿ.

ಪ್ರಶ್ನೆ: ಎಂಟು ವರ್ಷದ ಮಗ ಓದುವ ಶಾಲೆಯಲ್ಲಿ ದಸರೆ ರಜೆ ಕಡಿಮೆ, ಕ್ರಿಸ್‌ಮಸ್ ರಜೆ ಹೆಚ್ಚು. ಐದು ವರ್ಷದ ಮಗಳ ಶಾಲೆಯಲ್ಲಿ ಇದಕ್ಕೆ ತದ್ವಿರುದ್ಧ. ಒಬ್ಬರಿಗೆ ರಜೆಯಿದ್ದಾಗ ಇನ್ನೊಬ್ಬರಿಗೆ ಶಾಲೆ, ದಿನವೂ ಜಗಳ. (ಮಂಗಳೂರಿನ ಓದುಗರು)

ಉತ್ತರ: ಕ್ರೈಸ್ತ ಆಡಳಿತದ ಶಾಲೆಗಳು ದಸರೆ ರಜೆಯನ್ನು ಮೊಟಕುಗೊಳಿಸಿ ಡಿಸೆಂಬರಿನಲ್ಲಿ ಆ ದಿನಗಳನ್ನು ಕೊಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ, ಅದನ್ನು ನೀವು ಬದಲಿಸಲಾರಿರಿ. ಹಾಗಾಗಿ ಮಕ್ಕಳಿಗೆ ತಾಯ್ತಂದೆಯರು ಒಬ್ಬೊಬ್ಬರಾಗಿ ಸಿಗುವ ಅವಕಾಶವೆಂದು ಇದನ್ನು ತಿಳಿಯಿರಿ. ಎರಡನೆಯ ಮಗುವಿಗೆ ಹುಟ್ಟಿದಾಗಿನಿಂದ ಅಪ್ಪ ಅಮ್ಮ ಪೂರ್ತಿಯಾಗಿ ದಕ್ಕಿರುವುದೇ ಇಲ್ಲ. ಅಣ್ಣ ಶಾಲೆಯಲ್ಲಿರುವಾಗ ಮಗಳನ್ನು ಹುಲಿವೇಷಕ್ಕೆ ಬಣ್ಣ ಬಳಿಯುವಲ್ಲಿಗೆ ಕರೆದೊಯ್ಯಿರಿ, ತಾಸೆಯ ಸದ್ದಿಗೆ ಹೆದರಿದರೆ ದೂರದಿಂದಲೇ ತೋರಿಸಿ. ಡಿಸೆಂಬರಿನಲ್ಲಿ ಮಗನ ಸರದಿ. ನೆರೆಯಲ್ಲಿ ಕ್ರೈಸ್ತ ಕುಟುಂಬವಿದ್ದು ಬಳಕೆಯಿದ್ದರೆ, ಕ್ರಿಸ್‌ಮಸ್ಸಿನ ತಿಂಡಿಗಳಾದ ಕುಸ್ವಾರ್ ಮಾಡುವ ದಿನ ಅವನನ್ನೂ ಕರೆಸಿಕೊಳ್ಳಲು ಕೇಳಿ. ಅದರಲ್ಲೊಂದಾದ ಕಿಡಿಯೊ ಮಾಡಲು ಹಿಟ್ಟಿನ ಪುಟ್ಟ ಉಂಡೆಯನ್ನು ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿ ಸುತ್ತುವ ಕೆಲಸಕ್ಕೆ ಎಂಟು ವರ್ಷದ ಬೆರಳುಗಳೇ ಸರಿ. ಕರಿಯುವ ಕೆಲಸ ಮಾತ್ರ ದೊಡ್ಡವರದು.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲಿ ಅಕ್ಟೋಬರ್ ಕೊನೆಯಲ್ಲಿ ಒಂದು ವಾರ, ಕ್ರಿಸ್‌ಮಸ್‌ಗೆ ಎರಡು ವಾರ ರಜೆ. ಮಕ್ಕಳಿಗೆ ಆರು ಮತ್ತು ನಾಲ್ಕು ವರ್ಷ. ದಸರೆಗೆ ಊರಿಗೆ ಬರಬೇಕೆಂದು ತಾಯಿಯ ಆಸೆ. ಶಾಲೆ ತಪ್ಪಿಸಿ ಬರಬಹುದೇ? ಬಾರದಿದ್ದರೆ ಕತ್ತಲಿನ ಈ ಚಳಿಗಾಲವನ್ನು ಮಕ್ಕಳೊಂದಿಗೆ ಕಳೆಯುವುದು ಹೇಗೆ? (ಲಂಡನ್ನಿನ ಓದುಗರು)

ಉತ್ತರ: ಅನುಮತಿಯಿಲ್ಲದೆ ಐದು ದಿನ ಶಾಲೆ ತಪ್ಪಿಸಿದರೆ ಅಲ್ಲಿ ದಂಡ ಬೀಳಬಹುದೆಂಬುದು ನಿಮಗೆ ತಿಳಿದಿರಬೇಕು. 2024ರ ಆಗಸ್ಟಿನಿಂದ ಅದು ಪ್ರತಿ ಮಗುವಿಗೆ, ತಾಯ್ತಂದೆಯರಲ್ಲಿ ಪ್ರತಿಯೊಬ್ಬರಿಗೂ 80 ಪೌಂಡ್; 21 ದಿನಗಳಲ್ಲಿ ಕಟ್ಟದಿದ್ದರೆ 160. ಕಡ್ಡಾಯ ಶಿಕ್ಷಣದ ವಯಸ್ಸು ಐದು ತುಂಬಿದ ನಂತರದ ಅವಧಿಯಿಂದ ಶುರುವಾಗುವುದರಿಂದ ನಾಲ್ಕು ವರ್ಷದ ಮಗುವಿಗೆ ಇದು ತಾಗದು, ಆರು ವರ್ಷದ ಮಗುವಿಗೆ ತಾಗುತ್ತದೆ. ಆದರೆ ನನ್ನ ಅಳುಕು ದಂಡದ್ದಲ್ಲ. ಹೊಸ ತರಗತಿ ಸೇರಿ ತಿಂಗಳಾಗುವಷ್ಟರಲ್ಲಿ, ಗೆಳೆಯರು ಕೂಡಿಬರುವ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಬರುವುದು ಅದಕ್ಕೆ ನ್ಯಾಯವಲ್ಲ. ದಸರೆಗೆ ಬೇಡ, ಡಿಸೆಂಬರಿಗೆ ಬನ್ನಿ. ಅವರೆಕಾಯಿಯ ಸೊಗಡು ಮನೆಯೊಳಗೆ ಹರಡಿರುವ, ಸಂಕ್ರಾಂತಿಗೆಂದು ಅಜ್ಜಿ ಕೊಬ್ಬರಿ ಬೆಲ್ಲ ಹೆಚ್ಚಿ ಬಿಸಿಲಿಗೆ ಹಾಕುವ ದಿನಗಳವು. ನೆನೆಸಿದ ಅವರೆಕಾಳನ್ನು ಬೆರಳಿನಲ್ಲಿ ಹಿಸುಕಿ ಚಿಮ್ಮಿಸುವುದನ್ನು ನಿಮ್ಮ ಮಕ್ಕಳಿಗೆ ಒಮ್ಮೆ ಕಲಿಸಿದರೆ ಸಾಕು, ಹಿತಕಿದಬೇಳೆಯ ಪಾತ್ರೆ ತುಂಬುವವರೆಗೆ ಏಳುವುದಿಲ್ಲ. ಐದೂವರೆ ಗಂಟೆಗಳ ಸಮಯದ ವ್ಯತ್ಯಾಸಕ್ಕೆ ನಿದ್ದೆ ಹೊಂದಿಕೊಳ್ಳಲು ನಾಲ್ಕೈದು ದಿನ ಬೇಕು, ಆ ದಿನಗಳಲ್ಲಿ ನೆಂಟರ ಮನೆಗಳ ಸುತ್ತಾಟ ಇಟ್ಟುಕೊಳ್ಳಬೇಡಿ.

ಅಲ್ಲಿಯೇ ಉಳಿಯುವ ದಿನಗಳಿಗೆ ಹೇಳುವುದಾದರೆ, ಡಿಸೆಂಬರ್ ನಡುವಿನಲ್ಲಿ ಲಂಡನ್ನಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮಕ್ಕಳನ್ನು ಹೊರಗೆ ಓಡಾಡಿಸುವ ಕೆಲಸ ಬೆಳಗಿನಲ್ಲಿಯೇ, ಮಳೆಯ ಹನಿಯಿದ್ದರೂ, ಮುಗಿಯಲಿ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ವರ್ಷವಿಡೀ, ಅದಕ್ಕಿಂತ ದೊಡ್ಡವರಿಗೆ ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಕೊಡಬೇಕೆಂಬುದು ಅಲ್ಲಿನ ಸರ್ಕಾರದ ಸಲಹೆ. ನಮ್ಮ ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವ ಬಗ್ಗೆಯೂ ಅದು ಹೇಳುತ್ತದೆ. ದೀಪಾವಳಿ ಶಾಲೆಯ ದಿನ ಬಂದರೆ ಧಾರ್ಮಿಕ ಆಚರಣೆಯ ಆ ಒಂದು ದಿನಕ್ಕೆ ಮೊದಲೇ ಅನುಮತಿ ಕೇಳಿ. ಬೆಳಗಿನ ಎಣ್ಣೆಸ್ನಾನವನ್ನು ಬಿಡಬೇಡಿ, ನೆತ್ತಿಗೆ ಎಣ್ಣೆಯೊತ್ತುವ ಅಮ್ಮನ ಅಂಗೈ ಮಕ್ಕಳ ನೆನಪಿನಲ್ಲಿ ಪಟಾಕಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಪ್ರಶ್ನೆ: ಪುಣೆಯಿಂದ ಕಲಬುರಗಿಗೆ ಎಳ್ಳಮಾವಾಸ್ಯೆಗೆ ಬರುತ್ತಿದ್ದೇವೆ. ಮಗುವಿಗೆ ಒಂದೂವರೆ ವರ್ಷ, ಸ್ವಲ್ಪ ನೆಗಡಿಯಿದೆ. ಹೊಲಕ್ಕೆ ಕರೆದೊಯ್ಯಲೇಬೇಕೆಂದು ಮಾವ, ಚಳಿಗಾಳಿ ಬೇಡವೆಂದು ನನ್ನ ತಾಯಿ. (ಪುಣೆಯ ಓದುಗಿ)

ಉತ್ತರ: ಬರೀ ನೆಗಡಿಯಾದರೆ ಮಾವನ ಮಾತು ನಡೆಯಲಿ. ಜ್ವರವಿದ್ದರೆ, ಮಲಗಿರುವಾಗ ಉಸಿರು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಾದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದರೆ ಹೊಲವಲ್ಲ, ವೈದ್ಯರಲ್ಲಿಗೆ ಹೋಗಬೇಕು. ಈ ವಯಸ್ಸಿನಲ್ಲಿ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಸಲೇಬೇಡಿ. ಬಿಸಿಲು ಬಲಿತ ಮೇಲೆ, ಹತ್ತು ಗಂಟೆ ದಾಟಿ ಹೊರಡಿ. ದಪ್ಪನೆಯ ಒಂದೇ ಸ್ವೆಟರಿಗಿಂತ ಹತ್ತಿಯ ಎರಡು ಮೂರು ಅಂಗಿ ತೊಡಿಸಿದರೆ ಮಧ್ಯಾಹ್ನದ ಸೆಖೆಗೆ ಒಂದೊಂದಾಗಿ ಬಿಚ್ಚಬಹುದು.

ನನ್ನ ನಿಜವಾದ ಆತಂಕ ಚಳಿಯದ್ದಲ್ಲ, ಕಾಳಿನದ್ದು. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಹರಡಿಕೊಂಡು ಹತ್ತಾರು ಜನ ಊಟಕ್ಕೆ ಕುಳಿತಾಗ ಯಾರೋ ಅಕ್ಕರೆಯಿಂದ ಮಗುವಿನ ಕೈಗೆ ನಾಲ್ಕು ಶೇಂಗಾ ಬೀಜವನ್ನೋ ಗಿಡದಿಂದ ಕಿತ್ತ ಹಸಿ ಕಡಲೆಯನ್ನೋ ಇಡುತ್ತಾರೆ. ದವಡೆ ಹಲ್ಲು ಪೂರ್ತಿ ಬಾರದ ಮಗುವಿಗೆ ಅದನ್ನು ಅರೆಯಲು ಆಗದು. ನಗುತ್ತಲೋ ಓಡುತ್ತಲೋ ಇರುವಾಗ ಇಡೀ ಕಾಳು ಶ್ವಾಸನಾಳಕ್ಕೆ ಜಾರುತ್ತದೆ. ನಮ್ಮ ದೇಶದಲ್ಲಿ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಮುಂಚೂಣಿಯಲ್ಲಿದೆ. ನಾಲ್ಕೈದು ವರ್ಷ ತುಂಬುವವರೆಗೆ ಇಡೀ ಶೇಂಗಾ, ಕಡಲೆ, ಪುಟಾಣಿ, ಕೊಬ್ಬರಿಯ ಚೂರು ಯಾವುದೂ ಬೇಡ; ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ಪುಡಿ ಮಾಡಿಯೇ ಕೊಡಬೇಕು. ಮಗು ಇದ್ದಕ್ಕಿದ್ದಂತೆ ಬಿಡದೆ ಕೆಮ್ಮತೊಡಗಿದರೆ ಬಾಯೊಳಗೆ ಕಾಣದ ಕಡೆ ಬೆರಳು ಹಾಕಬೇಡಿ, ಕಾಳು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಕೆಮ್ಮು ನಿಂತು ಎಲ್ಲ ಸರಿಹೋದಂತೆ ಕಂಡರೂ ಅಂದೇ ಆಸ್ಪತ್ರೆಗೆ ತೋರಿಸಿ. ಹೊರಡುವ ಮೊದಲು ಮಾವನವರಿಗೇ ಇದನ್ನು ವಿವರಿಸಿ, ಹೊಲದಲ್ಲಿ ಎಲ್ಲರಿಗೂ ಅವರೇ ಹೇಳಲಿ. ಅವರ ಮಾತಿಗೆ ಅಲ್ಲಿ ಯಾರೂ ಎದುರಾಡುವುದಿಲ್ಲ. ಮಗುವಿಗೆಂದು ಮೆತ್ತಗಿನ ಕಡುಬು, ತೆಳುವಾದ ಅಂಬಲಿ ಬೇರೆ ಡಬ್ಬಿಯಲ್ಲಿರಲಿ, ಮತ್ತು ಹೊತ್ತು ಇಳಿಯುವ ಮೊದಲೇ ಮಗುವಿನೊಂದಿಗೆ ಮನೆಗೆ ಮರಳಲು ಒಂದು ವಾಹನವನ್ನು ಬೇರೆಯಾಗಿ ಹೇಳಿಟ್ಟುಕೊಳ್ಳಿ.