ಬೆಂಚಿನ ಮೇಲೆ ಕೂತ ವರ್ಷಗಳು ಎಲ್ಲಿ?

ಶರಣು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ, ಕೋಚ್ ಸ್ಟೀವ್ ಕೆರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಪುಟದ ತುಂಬ ಬರೀ ಟ್ರೋಫಿ. ಆಟಗಾರನಾಗಿ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯ 5 ಪ್ರಶಸ್ತಿ, ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಕೋಚ್ ಆಗಿ 2015, 2017, 2018, 2022ರಲ್ಲಿ ಇನ್ನೂ 4. ಲೆಕ್ಕ ಸರಿಯಿದೆ. ಆದರೆ ಓದಿದರೆ ಮದುವೆ ಮನೆಯ ಆಹೇರಿ ಪಟ್ಟಿ ಓದಿದ ಹಾಗಾಗುತ್ತದೆ. ಯಾರು ಎಷ್ಟು ಕೊಟ್ಟರು ಅಂತ ತಿಳಿಯುತ್ತದೆ, ಮದುವೆ ಹೇಗಾಯಿತು ಅಂತ ತಿಳಿಯುವುದಿಲ್ಲ.

ಇನ್ನು ‘ಮಹಾನ್ ಆಟಗಾರ’ ಅಂದಿದ್ದೀರಿ. ಅಲ್ಲ ರೀ. 1988ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಅವರ ಹೆಸರು ಬಂದಿದ್ದು 50ನೆಯದಾಗಿ. ಆಡಿದ 910 ಪಂದ್ಯಗಳಲ್ಲಿ ಮೊದಲ ಐವರಲ್ಲಿ ಇದ್ದದ್ದು 30ರಲ್ಲಿ ಮಾತ್ರ. ಸರಾಸರಿ ಪಂದ್ಯಕ್ಕೆ 6 ಅಂಕ. ಮೂರಂಕದ ಶಾಟ್ ಒಂದರಲ್ಲಿ ಅವರನ್ನು ಮೀರಿಸಿದವರಿಲ್ಲ, ಶೇಕಡಾ 45.4. ಉಳಿದಂತೆ ಜಾಸ್ತಿ ಹೊತ್ತು ಬೆಂಚಿನ ಮೇಲೆ. ಅಲ್ಲಿ ಕೂತೇ ಅವರು ತಮ್ಮ ಕೋಚ್‌ಗಳಾದ ಫಿಲ್ ಜಾಕ್ಸನ್, ಗ್ರೆಗ್ ಪೊಪೊವಿಚ್ ತಂಡ ನಡೆಸುವುದನ್ನು ಹತ್ತಿರದಿಂದ ನೋಡಿದ್ದು. ಕೋಚ್ ತಯಾರಾಗಿದ್ದು ಆ ವರ್ಷಗಳಲ್ಲಿ ಅಲ್ವಾ? ನೀವು ಅದನ್ನೆಲ್ಲ ಬಿಟ್ಟು ‘ಮುಂದೆ ತರಬೇತುದಾರರಾದರು’ ಅಂತ ಒಂದೇ ಸಾಲಿನಲ್ಲಿ ಹಾರಿದ್ದೀರಿ.

1997ರ ಫೈನಲ್ಸ್ ಗೆಲ್ಲಿಸಿದ ಶಾಟ್ ಮೂರಂಕದ್ದಲ್ಲ, ಎರಡಂಕದ್ದು. ತಿದ್ದಿ. ‘ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿಯಿತು’ ಅನ್ನುವುದೂ ಬೇಡ. ಜೊತೆ ಆಟಗಾರ ಮೈಕಲ್ ಜೋರ್ಡನ್ ಮೇಲೆ ಎದುರಾಳಿಗಳಿಬ್ಬರು ಬಿದ್ದರು, ಚೆಂಡು ಕೆರ್ ಕೈಗೆ ಬಂತು, ಹಾಕಿದರು. ಅಷ್ಟು ಸಾಕು. ಉಳಿಸಿದ ಜಾಗವನ್ನು 2018ರ ಫೆಬ್ರವರಿಗೆ ಕೊಡಿ. ಫೀನಿಕ್ಸ್ ಸನ್ಸ್ ವಿರುದ್ಧ ಆಡುವಾಗ ಕೆರ್ ಆಟದ ಯೋಜನೆ ಬರೆದು ತೋರಿಸುವ ತಮ್ಮ ಕ್ಲಿಪ್‌ಬೋರ್ಡನ್ನು ಆಟಗಾರರ ಕೈಗೇ ಕೊಟ್ಟು, ಟೈಮ್‌ಔಟ್‌ನಲ್ಲಿ ನೀವೇ ಮಾತಾಡಿ ಅಂದರು. 129-83ರಲ್ಲಿ ಗೆದ್ದರು. ಇಂಥದ್ದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ನನಗೆ ನಿಜವಾಗಿ ಹಿಡಿಸಿದ್ದು ಕೊನೆಯ ಪುಟದಲ್ಲಿ ನೀವು ಸುಮ್ನೆ ಸೇರಿಸಿದ ನಾಲ್ಕು ಸಾಲು. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಸಿಮೆಂಟ್ ಕೋರ್ಟ್ ಕಾಯುವ ಮೊದಲೇ, ಬೆಳಿಗ್ಗೆ ಆರಕ್ಕೆ ಪ್ರ್ಯಾಕ್ಟೀಸ್. ಬಲೆ ಹರಿದ ರಿಂಗ್. ಆಡಲು ಅವಕಾಶ ಸಿಗದ ಹುಡುಗರ ಹತ್ತಿರ ಬಂದು ನಿಮ್ಮ ಪಿಟಿ ಸರ್, “ಇಷ್ಟೊತ್ತು ಕುಂತು ಏನ್ ನೋಡ್ದಿ, ಹೇಳು” ಅನ್ನುತ್ತಿದ್ದರು. ಆ ಪ್ರಶ್ನೆಗೆ ನೀವು ಏನು ಉತ್ತರ ಕೊಟ್ಟಿರಿ? ಬರೆದೇ ಇಲ್ಲ!

ಸರ್ ಇನ್ನೂ ಊರಲ್ಲೇ ಇದ್ದರೆ ಹೋಗಿ ಮಾತಾಡಿಸಿ ಬನ್ನಿ, ಫೋನಿನಲ್ಲಿ ಬೇಡ. ಅವರಿಂದಲೇ ಶುರು ಮಾಡಿ, ಕೆರ್ ಆಮೇಲೆ ಬರಲಿ. 800 ಪದ ದಾಟಿಸದೆ ಕಳಿಸಿ.